ಗುಳಿಗೆಯ ಡಬ್ಬಿಯೊಳಗಿನ ಚೀಟಿ

ಯುನಾನಿ ವೈದ್ಯಪದ್ಧತಿಯ ಉರ್ದು ಪುಸ್ತಕಗಳಲ್ಲಿ ಒಂದೊಂದು ಮೂಲಿಕೆಯ ಬಗ್ಗೆ ಬರೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಹೆಸರು. ಆಮೇಲೆ ಮಿಜಾಜು, ಎಂದರೆ ಅದು ಶೀತವೋ ಉಷ್ಣವೋ ಎಂಬುದು. ಯಾವ ಕಾಯಿಲೆಗೆ ಕೊಡಬೇಕು, ಎಷ್ಟು ತೂಕ ಕೊಡಬೇಕು ಎಂಬ ವಿವರ. ಅಲ್ಲಿಗೆ ನಿಲ್ಲುವುದಿಲ್ಲ. 'ಮುಜಿರ್' ಎಂಬ ಇನ್ನೊಂದು ಸಾಲು ಇರುತ್ತದೆ. ಈ ವಸ್ತುವಿನಿಂದ ಯಾವ ಅಂಗಕ್ಕೆ ಕೆಡುಕಾದೀತು ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಅದರ ಪಕ್ಕದಲ್ಲಿ 'ಮುಸ್ಲಿಹ್', ಆ ಕೆಡುಕನ್ನು ತಗ್ಗಿಸುವ ವಸ್ತು. ಕೊನೆಯಲ್ಲಿ 'ಬದಲ್', ಇದು ಸಿಗದಿದ್ದರೆ ಬೇರೇನು ಕೊಡಬಹುದು ಎಂಬುದು. ಸೋನಾಮುಖಿ ಎಲೆ ಹೊಟ್ಟೆಯನ್ನು ಸ್ವಚ್ಛ ಮಾಡುತ್ತದೆ, ಆದರೆ ನುಲಿತ ತರುತ್ತದೆ. ಆದ್ದರಿಂದ ಗುಲಾಬಿ ಎಸಳು ಸೇರಿಸಿ ಕೊಡಬೇಕೆಂದು ಹಕೀಮರು ಬರೆದಿಟ್ಟರು. ಇದಕ್ಕೂ ಬಹಳ ಹಿಂದೆ, ಸುಮಾರು ಸಾವಿರ ವರ್ಷಗಳ ಕೆಳಗೆ, ಇಬ್ನ್ ಸಿನಾ ತನ್ನ 'ಕಾನೂನ್' ಗ್ರಂಥದ ಎರಡನೇ ಭಾಗದಲ್ಲಿ ಔಷಧಿಯನ್ನು ಪರೀಕ್ಷಿಸುವುದಕ್ಕೆ ಏಳು ನಿಯಮಗಳನ್ನು ಹಾಕಿಕೊಟ್ಟಿದ್ದ. ಪ್ರಾಣಿಯ ಮೇಲೆ ಪ್ರಯೋಗಿಸಿ ನೋಡಿದ್ದು ಮನುಷ್ಯನಿಗೂ ಹಾಗೆಯೇ ಅನ್ವಯಿಸುತ್ತದೆಂದು ನಂಬಬಾರದು ಎಂಬುದು ಅವುಗಳಲ್ಲೊಂದು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಇವತ್ತು ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಯಾವುದೇ ಸೈಡ್ ಎಫೆಕ್ಟ್ ಇಲ್ಲ' ಎಂದು ಯುನಾನಿಯ ಹೆಸರಿನಲ್ಲೂ ಆಯುರ್ವೇದದ ಹೆಸರಿನಲ್ಲೂ ಬರೆಸುವವರು ತಮ್ಮದೇ ಪರಂಪರೆಯ ಪುಸ್ತಕದಿಂದ ಮುಜಿರ್ ಸಾಲನ್ನು ಅಳಿಸಿದವರು. ಗುಣ ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಡಿಸುವ ಶಕ್ತಿಯೂ ಇದೆ ಎಂದು ಹಕೀಮರಿಗೆ ಗೊತ್ತಿತ್ತು. ಆದರೆ ಒಂದನ್ನು ಒಪ್ಪಿಕೊಳ್ಳಲೇಬೇಕು. ಆ ಪುಸ್ತಕಗಳನ್ನು ಬರೆದದ್ದು ಹಕೀಮರು, ಓದಿದ್ದೂ ಹಕೀಮರು. ಔಷಧಿ ಕುಡಿಯುವ ಮನುಷ್ಯನಿಗೆ ಮುಜಿರ್ ಸಾಲನ್ನು ಓದಿ ಹೇಳಬೇಕೆಂದು ಯಾರೂ ಭಾವಿಸಿರಲಿಲ್ಲ. ಅವನಿಗೆ ಪಥ್ಯ ಹೇಳಿದರೆ ಸಾಕಿತ್ತು. ಕೆಡುಕನ್ನು ಬರೆದಿಡುವುದು ಒಂದು, ಅದನ್ನು ನುಂಗುವವನಿಗೆ ತಿಳಿಸುವುದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ದಾಟುವುದಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಎಷ್ಟು ಜೀವಗಳು ಬೇಕಾದವು ಎಂಬುದೇ ಈ ಬರಹದ ವಿಷಯ.

1937ರಲ್ಲಿ ಅಮೆರಿಕದ ಟೆನ್ನೆಸ್ಸಿ ರಾಜ್ಯದ ಮ್ಯಾಸೆಂಗಿಲ್ ಎಂಬ ಕಂಪೆನಿ ಸಲ್ಫಾ ಔಷಧಿಯನ್ನು ಮಕ್ಕಳೂ ಕುಡಿಯುವಂತೆ ಸಿಹಿ ದ್ರವವಾಗಿ ತಯಾರಿಸಿತು. ಪುಡಿಯನ್ನು ಕರಗಿಸುವುದಕ್ಕೆ ಅವರು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ನೂರಕ್ಕೂ ಹೆಚ್ಚು ಜನ ಮೂತ್ರಪಿಂಡ ಕೆಟ್ಟು ಸತ್ತರು, ಅವರಲ್ಲಿ ಹಲವರು ಮಕ್ಕಳು. ಮಾರುವ ಮೊದಲು ಪರೀಕ್ಷಿಸಬೇಕೆಂಬ ಕಾನೂನೇ ಆಗ ಇರಲಿಲ್ಲ. ಸರಕಾರ ಆ ಸೀಸೆಗಳನ್ನು ವಶಪಡಿಸಿಕೊಂಡದ್ದು ಬೇರೆಯೇ ನೆಪದ ಮೇಲೆ. ಸೀಸೆಯ ಮೇಲೆ 'ಎಲಿಕ್ಸಿರ್' ಎಂದು ಬರೆದಿತ್ತು, ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಅದು ಇರಲಿಲ್ಲ, ಆದ್ದರಿಂದ ಹೆಸರು ಸುಳ್ಳು! ಜನರನ್ನು ಕೊಂದದ್ದು ಅಪರಾಧವಾಗಲಿಲ್ಲ, ತಪ್ಪು ಹೆಸರಿಟ್ಟದ್ದು ಅಪರಾಧವಾಯಿತು. 'ಎಲಿಕ್ಸಿರ್' ಎಂಬುದು ಅರಬಿಯ 'ಅಲ್ ಇಕ್ಸೀರ್' ಎಂಬ ಪದವೇ ಎಂಬುದನ್ನೂ ಇಲ್ಲಿ ನೆನೆಯಬಹುದು. ಮರುವರ್ಷ, 1938ರಲ್ಲಿ, ಔಷಧಿ ಅಪಾಯಕಾರಿಯಲ್ಲ ಎಂದು ಕಂಪೆನಿಯೇ ಮೊದಲು ತೋರಿಸಿಕೊಡಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂತು. ವಿಷವೇನೋ ಅಲ್ಲಿಗೆ ಮುಗಿಯಲಿಲ್ಲ. ಅದೇ ಗ್ಲೈಕಾಲ್ 1972ರಲ್ಲಿ ಮದರಾಸಿನ ಮಕ್ಕಳನ್ನೂ, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ರೋಗಿಗಳನ್ನೂ ಕೊಂದಿತು. 2022ರಲ್ಲಿ ಹರಿಯಾಣದಲ್ಲಿ ತಯಾರಾದ ಕೆಮ್ಮಿನ ಸಿರಪ್ಪಿನಲ್ಲಿ ಅದು ಸಿಕ್ಕಿತು. ಆಫ್ರಿಕದ ಗ್ಯಾಂಬಿಯಾದಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳ ಸಾವಿಗೆ ಆ ಸಿರಪ್ಪಿನ ನಂಟು ಕಂಡುಬಂತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಮತ್ತೆ ಅದೇ ಕಥೆ. ಆದರೆ ಅದು ಕಲಬೆರಕೆಯ ಚರಿತ್ರೆ. ಅದಕ್ಕೆ ಬೇರೆಯೇ ಲೇಖನ ಬೇಕು. ಸರಿಯಾಗಿ ತಯಾರಾದ, ಡಾಕ್ಟರರೇ ಬರೆದುಕೊಟ್ಟ ಔಷಧಿಯಿಂದ ಕೆಡುಕಾದಾಗ ಆ ಸುದ್ದಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಎದ್ದದ್ದು ಜರ್ಮನಿಯಲ್ಲಿ.

ಆಕೆನ್ ಪಟ್ಟಣದ ಪಕ್ಕದ ಸ್ಟೋಲ್‌ಬರ್ಗ್‌ನ ಗ್ರುನೆಂಥಾಲ್ ಕಂಪೆನಿ 1957ರ ಅಕ್ಟೋಬರ್ 1ರಂದು 'ಕಾಂಟರ್‌ಗಾನ್' ಎಂಬ ನಿದ್ದೆ ಗುಳಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗಿನ ಔಷಧಿಯ ಹೆಸರು ಥಾಲಿಡೊಮೈಡ್. ಡಾಕ್ಟರರ ಚೀಟಿಯೇ ಬೇಕಿರಲಿಲ್ಲ, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು. ಆ ಕಾಲದ ನಿದ್ದೆ ಗುಳಿಗೆಗಳನ್ನು ಹೆಚ್ಚು ನುಂಗಿದರೆ ಸಾವು ಖಚಿತವಿತ್ತು. ಇದನ್ನು ಇಲಿಗಳಿಗೆ ಎಷ್ಟು ತಿನ್ನಿಸಿದರೂ ಅವು ಸಾಯಲಿಲ್ಲ. ಆದ್ದರಿಂದ ಇದು ಸಂಪೂರ್ಣ ನಿರಪಾಯಕಾರಿ ಎಂದು ಕಂಪೆನಿ ಜಾಹೀರಾತು ಕೊಟ್ಟಿತು. ಇಬ್ನ್ ಸಿನಾನ ಮಾತು ಇಲ್ಲಿ ನೆನಪಿಗೆ ಬರಬೇಕು. ಬಸುರಿಯರ ಬೆಳಗಿನ ವಾಕರಿಕೆಗೂ, ನಿದ್ದೆ ಬಾರದ ರಾತ್ರಿಗಳಿಗೂ ಅದನ್ನು ಕೊಟ್ಟರು. ಇಂಗ್ಲೆಂಡಿನಲ್ಲಿ 1958ರಿಂದ 'ಡಿಸ್ಟಾವಲ್' ಎಂಬ ಹೆಸರಿನಲ್ಲಿ ಮಾರಿದ್ದು ಡಿಸ್ಟಿಲರ್ಸ್ ಎಂಬ ಕಂಪೆನಿ. ಇದು ಮೂಲತಃ ಸ್ಕಾಚ್ ವಿಸ್ಕಿ ತಯಾರಿಸುವ ಕಂಪೆನಿ, ಔಷಧಿ ಅದರ ಪಕ್ಕದ ವ್ಯಾಪಾರ. ಸುಮಾರು 46 ದೇಶಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಈ ಗುಳಿಗೆ ಮಾರಾಟವಾಯಿತು.

ಅದು ಅಂಗಡಿಗೆ ಬರುವುದಕ್ಕೂ ಒಂಬತ್ತು ತಿಂಗಳ ಮೊದಲು, 1956ರ ಡಿಸೆಂಬರ್ 25ರಂದು, ಸ್ಟೋಲ್‌ಬರ್ಗ್‌ನಲ್ಲೇ ಕಿವಿಗಳಿಲ್ಲದ ಒಂದು ಮಗು ಹುಟ್ಟಿತ್ತು. ತಂದೆ ಅದೇ ಕಂಪೆನಿಯ ನೌಕರ. ಬಸುರಿ ಹೆಂಡತಿಗೆಂದು ಸ್ಯಾಂಪಲ್ ಗುಳಿಗೆಗಳನ್ನು ಮನೆಗೆ ತಂದಿದ್ದ. ಆಗ ಎರಡನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಕೈಕಾಲುಗಳಿಲ್ಲದ, ಭುಜಕ್ಕೇ ಅಂಗೈ ಅಂಟಿಕೊಂಡ ಮಕ್ಕಳು ಒಂದರ ಮೇಲೊಂದು ಹುಟ್ಟತೊಡಗಿದಾಗಲೂ ಜೋಡಿಸಲಿಲ್ಲ. ಅಣುಬಾಂಬ್ ಪರೀಕ್ಷೆಯ ಧೂಳು ಕಾರಣವಿರಬಹುದೆಂದರು. ವಂಶದ ದೋಷವೆಂದರು. ನಮ್ಮ ಹಳ್ಳಿಗಳಲ್ಲಿ ತುಟಿ ಸೀಳಿದ ಮಗು ಹುಟ್ಟಿದರೆ ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಿದ್ದಳೆಂದು ಅವಳನ್ನೇ ದೂರುತ್ತಾರಲ್ಲ, ಜರ್ಮನಿಯ ತಾಯಂದಿರ ಪಾಡೂ ಅದಕ್ಕಿಂತ ಭಿನ್ನವಾಗಿರಲಿಲ್ಲ. ತಮ್ಮ ರಕ್ತದಲ್ಲೇ ಏನೋ ಕೊರತೆಯಿದೆ ಎಂದು ಎಷ್ಟೋ ಹೆಂಗಸರು ನಂಬಿದ್ದರು.

ಈ ಗಂಟನ್ನು ಬಿಡಿಸಿದವರಲ್ಲಿ ಒಬ್ಬ ಹ್ಯಾಂಬರ್ಗ್‌ನ ಮಕ್ಕಳ ಡಾಕ್ಟರ್ ವಿಡುಕಿಂಡ್ ಲೆಂಟ್ಸ್. ಇನ್ನೊಬ್ಬ ಆಸ್ಟ್ರೇಲಿಯಾದ ಸಿಡ್ನಿಯ ಹೆರಿಗೆ ಡಾಕ್ಟರ್ ವಿಲಿಯಂ ಮೆಕ್‌ಬ್ರೈಡ್. ಲೆಂಟ್ಸ್ ಮನೆ ಮನೆಗೆ ಹೋಗಿ ತಾಯಂದಿರನ್ನು ವಿಚಾರಿಸಿದ. ಮೊದಲ ಸಲ ಕೇಳಿದಾಗ ಹಲವರು ಗುಳಿಗೆಯ ಮಾತನ್ನೇ ಎತ್ತಿರಲಿಲ್ಲ. ಅಷ್ಟು ಸಾಧಾರಣ ವಸ್ತುವನ್ನು ಔಷಧಿಯೆಂದು ಅವರು ಎಣಿಸಿಯೇ ಇರಲಿಲ್ಲ. ಎರಡನೆಯ ಸಲ ಕೇಳಿದಾಗ ನೆನಪಾಯಿತು. ಈ ವಿಡುಕಿಂಡನ ತಂದೆ ಫ್ರಿಟ್ಸ್ ಲೆಂಟ್ಸ್. ಮನುಷ್ಯನ ಗುಣದೋಷಗಳನ್ನೆಲ್ಲ ವಂಶದ ಮೇಲೆ ಹಾಕಿ ನಾಜಿಗಳ ಜನಾಂಗ ಸಿದ್ಧಾಂತಕ್ಕೆ ಬುನಾದಿ ಹಾಕಿಕೊಟ್ಟ ವಿಜ್ಞಾನಿಗಳಲ್ಲಿ ಅವನೂ ಒಬ್ಬ. ಅಂಥವನ ಮಗ, ಈ ಮಕ್ಕಳ ಅಂಗವೈಕಲ್ಯಕ್ಕೆ ವಂಶ ಕಾರಣವಲ್ಲ, ಒಂದು ಗುಳಿಗೆ ಕಾರಣ ಎಂದು ತೋರಿಸಿಕೊಟ್ಟ. ಚರಿತ್ರೆ ಕೆಲವೊಮ್ಮೆ ಕಥೆಗಾರರಿಗಿಂತ ಚೆನ್ನಾಗಿ ಕಥೆ ಹೆಣೆಯುತ್ತದೆ.

1961ರ ನವೆಂಬರ್ ನಡುವಿನಲ್ಲಿ ಲೆಂಟ್ಸ್ ಕಂಪೆನಿಗೆ ಫೋನ್ ಮಾಡಿ ಗುಳಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದ. ಕಂಪೆನಿ ಕೇಳಲಿಲ್ಲ. 26ರಂದು ಒಂದು ಭಾನುವಾರದ ಪತ್ರಿಕೆ ಸುದ್ದಿಯನ್ನು ಅಚ್ಚು ಹಾಕಿತು. ಅದರ ಬೆನ್ನಲ್ಲೇ ಕಂಪೆನಿ ಗುಳಿಗೆಯನ್ನು ವಾಪಸು ಪಡೆಯಿತು. ಹತ್ತು ದಿನ ಡಾಕ್ಟರರ ಮಾತಿಗೆ ಕದಲದ ಕಂಪೆನಿಯನ್ನು ಒಂದು ದಿನದ ಪತ್ರಿಕೆ ಕದಲಿಸಿತು. ಈ ಹತ್ತು ದಿನಗಳ ಬೆಲೆಯನ್ನು ಹೀಗೆ ಲೆಕ್ಕ ಹಾಕಬೇಕು: ಬಸುರಿನ ಒಂದು ನಿರ್ದಿಷ್ಟ ಅವಧಿಯಲ್ಲಿ, ಗರ್ಭ ನಿಂತ ಸುಮಾರು ಇಪ್ಪತ್ತನೇ ದಿನದಿಂದ ಮೂವತ್ತಾರನೇ ದಿನದ ತನಕ, ಒಂದೇ ಒಂದು ಗುಳಿಗೆ ನುಂಗಿದರೂ ಮಗುವಿಗೆ ಕೆಡುಕಾಗುವುದಕ್ಕೆ ಸಾಕು. ಜಪಾನಿನಲ್ಲಿ ಮಾರಾಟ ನಿಂತದ್ದು 1962ರ ಸೆಪ್ಟೆಂಬರಿನಲ್ಲಿ. ಇಡೀ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಅವರಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು ಎಳೆಯ ಪ್ರಾಯದಲ್ಲೇ ಸತ್ತವು.

ಅಮೆರಿಕ ಹೇಗೆ ಉಳಿಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1960ರ ಸೆಪ್ಟೆಂಬರಿನಲ್ಲಿ ರಿಚರ್ಡ್‌ಸನ್-ಮೆರೆಲ್ ಕಂಪೆನಿ 'ಕೆವಡಾನ್' ಎಂಬ ಹೆಸರಿನಲ್ಲಿ ಇದೇ ಗುಳಿಗೆಯನ್ನು ಮಾರುವುದಕ್ಕೆ ಅನುಮತಿ ಕೇಳಿತು. ಅರ್ಜಿ ಬಂದು ಬಿದ್ದದ್ದು ಒಂದು ತಿಂಗಳ ಹಿಂದೆಯಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯ ಮೇಜಿನ ಮೇಲೆ. ಕೆನಡಾದಲ್ಲಿ ಹುಟ್ಟಿದ ಈಕೆ ವಿದ್ಯಾರ್ಥಿನಿಯಾಗಿ ಶಿಕಾಗೋದಲ್ಲಿದ್ದಾಗ 1937ರ ಆ ಸಲ್ಫಾ ದುರಂತದ ಶೋಧನೆಯಲ್ಲಿ ಕೈಜೋಡಿಸಿದ್ದರು. ಅರವತ್ತು ದಿನಗಳೊಳಗೆ ಸರಕಾರ ಅಡ್ಡಿ ಹೇಳದಿದ್ದರೆ ಅನುಮತಿ ತಾನಾಗಿಯೇ ಸಿಕ್ಕಂತೆ ಎಂಬುದು ಆಗಿನ ನಿಯಮ. ಕೆಲ್ಸಿ ಪ್ರತಿ ಅರವತ್ತು ದಿನಕ್ಕೊಮ್ಮೆ, ಪುರಾವೆ ಸಾಲದು ಎಂದು ಅರ್ಜಿಯನ್ನು ಹಿಂದಕ್ಕೆ ಕಳಿಸಿದರು. ಕಂಪೆನಿಯವರು ಫೋನು ಮಾಡಿದರು, ಮೇಲಧಿಕಾರಿಗಳಿಗೆ ದೂರಿದರು, ಹಟಮಾರಿ ಹೆಂಗಸು ಎಂದರು. 1961ರ ಫೆಬ್ರವರಿಯಲ್ಲಿ ಕೆಲ್ಸಿಯವರ ಕಣ್ಣಿಗೆ ಬಿದ್ದದ್ದು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಸ್ಕಾಟ್ಲೆಂಡಿನ ಒಬ್ಬ ಸಾಧಾರಣ ಡಾಕ್ಟರ್ ಬರೆದ ಪುಟ್ಟ ಕಾಗದ. ಈ ಗುಳಿಗೆಯನ್ನು ಬಹಳ ದಿನ ತೆಗೆದುಕೊಂಡ ನಾಲ್ಕು ರೋಗಿಗಳ ಕೈಕಾಲು ಮರಗಟ್ಟಿವೆ, ಇದಕ್ಕೆ ಥಾಲಿಡೊಮೈಡ್ ಕಾರಣವೇ ಎಂದು ಅವರು ಕೇಳಿದ್ದರು. ಕೆಲ್ಸಿ ಕಂಪೆನಿಗೆ ಬರೆದರು. ಈ ವಿಷಯ ನಿಮಗೆ ಗೊತ್ತಿದ್ದರೂ ನಮಗೇಕೆ ತಿಳಿಸಲಿಲ್ಲ ಎಂಬುದು ಅವರ ತಕರಾರು. ನರಗಳಿಗೆ ಹೀಗೆ ಮಾಡುವ ವಸ್ತು ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡೀತು ಎಂದೂ ಕೇಳಿದರು. ಉತ್ತರ ಬರುವ ಮೊದಲೇ ಜರ್ಮನಿಯ ಸುದ್ದಿ ಬಂತು.

ನಮಗೆ ಇಲ್ಲಿ ಮುಖ್ಯವೆನಿಸುವುದು ಕೆಲ್ಸಿಯವರ ಜಾಣ್ಮೆಗಿಂತ ಅವರ ಕಡತದಲ್ಲಿದ್ದ ಕಾಗದ. ಆ ಪುಟ್ಟ ಪತ್ರ ಅಚ್ಚಾಗದೆ ಕಂಪೆನಿಯ ಕಪಾಟಿನಲ್ಲಿ ಉಳಿದಿದ್ದರೆ? ಒಂದು ದೇಶದ ಮಕ್ಕಳನ್ನು ಉಳಿಸಿದ್ದು ಬಹಿರಂಗವಾಗಿ ಅಚ್ಚಾದ ಒಂದು ಸಂದೇಹ. ಹಾಗೆಂದು ಅಮೆರಿಕ ಪೂರ್ತಿ ಪಾರಾಗಲಿಲ್ಲ. ಅನುಮತಿ ಸಿಗುವ ಮೊದಲೇ 'ಪರೀಕ್ಷೆಗೆ' ಎಂಬ ಹೆಸರಿನಲ್ಲಿ ಕಂಪೆನಿ ಸಾವಿರಕ್ಕೂ ಹೆಚ್ಚು ಡಾಕ್ಟರರಿಗೆ 25 ಲಕ್ಷ ಗುಳಿಗೆಗಳನ್ನು ಹಂಚಿತ್ತು. ತಾವು ನುಂಗಿದ್ದು ಪರೀಕ್ಷೆಯ ಔಷಧಿ ಎಂದು ಹಲವು ಹೆಂಗಸರಿಗೆ ಗೊತ್ತೇ ಇರಲಿಲ್ಲ. ಅಲ್ಲಿಯೂ 17 ಮಕ್ಕಳು ಹೀಗೆ ಹುಟ್ಟಿದ ದಾಖಲೆಯಿದೆ. 1962ರ ಅಕ್ಟೋಬರಿನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಔಷಧಿಯಿಂದ ಗುಣವಿದೆ ಎಂಬುದನ್ನೂ ಕಂಪೆನಿ ತೋರಿಸಬೇಕು, ಪ್ರಯೋಗಕ್ಕೆ ಒಳಗಾಗುವವರ ಒಪ್ಪಿಗೆ ಪಡೆಯಬೇಕು, ಕೆಡುಕಿನ ವರದಿಗಳನ್ನು ಸರಕಾರಕ್ಕೆ ಕೊಡಬೇಕು ಎಂದಾಯಿತು. ಕೆಲ್ಸಿ 2015ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಂಗ್ಲೆಂಡಿನ ಕಥೆ ಇನ್ನೂ ಕಹಿ. ಅಲ್ಲಿ ಔಷಧಿ ನಿಂತಿತು, ಬಾಯಿಯೂ ನಿಂತಿತು. 1962ರಲ್ಲೇ ತಂದೆತಾಯಿಗಳು ಡಿಸ್ಟಿಲರ್ಸ್ ಮೇಲೆ ದಾವೆ ಹೂಡಿದರು. ದಾವೆ ನ್ಯಾಯಾಲಯದಲ್ಲಿರುವಾಗ ಪತ್ರಿಕೆಗಳು ಅದರ ಬಗ್ಗೆ ಬರೆಯುವುದು ನ್ಯಾಯಾಲಯ ನಿಂದನೆ ಎಂಬುದು ಆ ದೇಶದ ಹಳೆಯ ಕಾನೂನು. ಹೀಗಾಗಿ ಔಷಧಿಯನ್ನು ಯಾರು ಪರೀಕ್ಷಿಸಿದರು, ಎಷ್ಟು ಪರೀಕ್ಷಿಸಿದರು, ಏನು ಗೊತ್ತಿತ್ತು ಎಂಬುದನ್ನು ಹತ್ತು ವರ್ಷ ಯಾರೂ ಬರೆಯಲಾರದೆ ಹೋದರು. 1968ರಲ್ಲಿ 62 ಮಕ್ಕಳಿಗೆ ಪರಿಹಾರ ಸಿಕ್ಕಿತು. ದಾವೆ ಗೆದ್ದಿದ್ದರೆ ಸಿಗಬಹುದಾಗಿದ್ದ ಮೊತ್ತದ ನೂರಕ್ಕೆ ನಲವತ್ತು ಭಾಗ ಮಾತ್ರ, ಅದೂ ಕಂಪೆನಿ ಅಲಕ್ಷ್ಯ ತೋರಿತೆಂಬ ಆರೋಪವನ್ನು ಹಿಂತೆಗೆದುಕೊಂಡ ಮೇಲೆ. ಹಣ ಕೊಡುತ್ತೇವೆ, ಸತ್ಯ ಕೇಳಬೇಡಿ ಎಂಬುದು ಒಪ್ಪಂದದ ತಿರುಳು. ಉಳಿದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಮುಂದೆ ಕಂಪೆನಿ ಇನ್ನೊಂದು ಒಪ್ಪಂದ ಇಟ್ಟಿತು. ಎಲ್ಲರೂ ಸಹಿ ಹಾಕಿದರೆ ಮಾತ್ರ ಹಣ. ಒಬ್ಬ ತಂದೆ ಹಾಕುವುದಿಲ್ಲವೆಂದ. ಉಳಿದವರ ಸಿಟ್ಟನ್ನೂ ಅವನೇ ಹೊತ್ತುಕೊಂಡ.

1972ರ ಸೆಪ್ಟೆಂಬರ್ 24ರಂದು 'ಸಂಡೇ ಟೈಮ್ಸ್' ಪತ್ರಿಕೆಯ ಸಂಪಾದಕ ಹೆರಾಲ್ಡ್ ಇವಾನ್ಸ್, ಈ ಮಕ್ಕಳ ಸ್ಥಿತಿ ದೇಶಕ್ಕೇ ಅವಮಾನ ಎಂಬ ಲೇಖನ ಪ್ರಕಟಿಸಿದರು. ಅವರ ಉಪಾಯ ಸರಳವಾಗಿತ್ತು. ತಪ್ಪು ಯಾರದೆಂಬ ಮಾತು ನ್ಯಾಯಾಲಯಕ್ಕೆ ಸೇರಿದ್ದಾದರೆ, ಮಕ್ಕಳಿಗೆ ಇಷ್ಟು ಕಡಿಮೆ ಕೊಡುವುದು ಧರ್ಮವೇ ಎಂಬ ಮಾತು ಎಲ್ಲರಿಗೂ ಸೇರಿದ್ದು. ಔಷಧಿ ಹೇಗೆ ಮಾರುಕಟ್ಟೆಗೆ ಬಂತೆಂಬ ಇನ್ನೊಂದು ಲೇಖನ ಬರಲಿದೆ ಎಂದೂ ಅದರಲ್ಲಿ ಸೂಚಿಸಿದ್ದರು. ಆ ಎರಡನೆಯ ಲೇಖನವನ್ನು ನವೆಂಬರಿನಲ್ಲಿ ನ್ಯಾಯಾಲಯ ತಡೆಯಿತು. ಮೇಲಿನ ನ್ಯಾಯಾಲಯ ತಡೆ ತೆಗೆಯಿತು. 1973ರ ಜುಲೈಯಲ್ಲಿ ಅತ್ಯುನ್ನತ ಪೀಠವಾದ ಹೌಸ್ ಆಫ್ ಲಾರ್ಡ್ಸ್ ಮತ್ತೆ ತಡೆ ಹಾಕಿತು. ಆದರೆ ಮೊದಲ ಲೇಖನ ಅಷ್ಟರಲ್ಲಿ ತನ್ನ ಕೆಲಸ ಮಾಡಿತ್ತು. ಕಿವಿ ಕೇಳಿಸದ ಸಂಸದ ಜಾಕ್ ಆಶ್ಲಿ ಪಾರ್ಲಿಮೆಂಟಿನಲ್ಲಿ ಈ ಮಕ್ಕಳ ಪರ ಮಾತಾಡಿದರು, ಅಂಗಡಿಯವರು ಡಿಸ್ಟಿಲರ್ಸ್ ವಿಸ್ಕಿಯನ್ನು ಬಹಿಷ್ಕರಿಸಿದರು, ಷೇರುದಾರರು ಗದ್ದಲವೆಬ್ಬಿಸಿದರು, ಕಂಪೆನಿ 2 ಕೋಟಿ ಪೌಂಡು ಕೊಡಲು ಮುಂದೆ ಬಂತು. ಹೆಂಡದ ಬಹಿಷ್ಕಾರದಿಂದ ಇಂಥ ಪುಣ್ಯವೂ ಬರುತ್ತದೆಂದು ನಮ್ಮ ಮೌಲ್ವಿಗಳೂ ಊಹಿಸಿರಲಾರರು.

ತಡೆಹಿಡಿದ ಲೇಖನದ ವಿಚಾರ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 1979ರ ಏಪ್ರಿಲ್ 26ರಂದು ತೀರ್ಪು ಬಂತು. 11 ನ್ಯಾಯಾಧೀಶರು ಪತ್ರಿಕೆಯ ಪರ, 9 ಮಂದಿ ವಿರುದ್ಧ. ಪತ್ರಿಕೆಗೆ ಹೇಳುವ ಹಕ್ಕು ಇರುವಂತೆಯೇ ಜನರಿಗೆ ಕೇಳಿ ತಿಳಿಯುವ ಹಕ್ಕೂ ಇದೆ, ಅದರಲ್ಲೂ ಈ ದುರಂತಕ್ಕೆ ಸಿಕ್ಕಿದ ಕುಟುಂಬಗಳಿಗೆ ನಡೆದದ್ದೆಲ್ಲವನ್ನೂ ತಿಳಿಯುವುದು ಜೀವನ್ಮರಣದ ವಿಷಯ ಎಂಬುದು ಬಹುಮತದ ಆಶಯ. ಎರಡೇ ಎರಡು ನ್ಯಾಯಾಧೀಶರು ಆಚೆ ಹೋಗಿದ್ದರೆ ಫಲ ಬೇರೆಯಾಗುತ್ತಿತ್ತು. ಔಷಧಿಯ ಕೆಡುಕನ್ನು ತಿಳಿಯುವುದು ಹಕ್ಕೆಂದು ನಾವಿಂದು ಸುಲಭವಾಗಿ ಹೇಳುವ ಮಾತು ಅಷ್ಟು ತೆಳುವಾದ ದಾರದ ಮೇಲೆ ನಡೆದು ಬಂದಿದೆ. ಗ್ರುನೆಂಥಾಲ್ ಕಂಪೆನಿ ಕ್ಷಮೆ ಕೇಳಿದ್ದು 2012ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಬದುಕುಳಿದ ಮಕ್ಕಳಿಗೆ ಐವತ್ತು ದಾಟಿತ್ತು.

ಇನ್ನು ಗುಳಿಗೆಯ ಡಬ್ಬಿಯೊಳಗಿನ ಚೀಟಿಯ ಕಥೆಗೆ ಬರೋಣ. 1970ರ ಜನವರಿಯಲ್ಲಿ ಅಮೆರಿಕದ ಸೆನೆಟಿನಲ್ಲಿ ಗರ್ಭನಿರೋಧಕ ಗುಳಿಗೆಗಳ ಅಪಾಯದ ಬಗ್ಗೆ ವಿಚಾರಣೆ ನಡೆಯಿತು. ರಕ್ತ ಹೆಪ್ಪುಗಟ್ಟುವ ಸಂಗತಿಯನ್ನು ಡಾಕ್ಟರರು, ವಿಜ್ಞಾನಿಗಳು, ಕಂಪೆನಿಯವರು ಚರ್ಚಿಸಿದರು. ಗುಳಿಗೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಸಭಾಂಗಣದಲ್ಲಿ ಕೂತಿದ್ದ ಹೆಂಗಸರು ಎದ್ದು ನಿಂತು, ನಮ್ಮನ್ನು ಏಕೆ ಕೇಳುವುದಿಲ್ಲ, ನಮಗೇಕೆ ಹೇಳಲಿಲ್ಲ ಎಂದು ಕೂಗಿದರು. ಕಲಾಪ ನಿಂತಿತು. ಅದರ ಫಲವಾಗಿ ಡಬ್ಬಿಯೊಳಗೆ ಬಳಸುವವರಿಗೆಂದೇ ಸರಳ ಭಾಷೆಯ ಚೀಟಿ ಇಡಬೇಕೆಂದು ಸರಕಾರ ಹೊರಟಿತು. ಡಾಕ್ಟರರ ಸಂಘವೂ ಕಂಪೆನಿಗಳೂ ವಿರೋಧಿಸಿದವು. ರೋಗಿಗಳು ಹೆದರುತ್ತಾರೆ, ಡಾಕ್ಟರ್ ಮತ್ತು ರೋಗಿಯ ನಡುವಿನ ವಿಶ್ವಾಸ ಕೆಡುತ್ತದೆ ಎಂಬುದು ಅವರ ವಾದ. ಉದ್ದವಾಗಿದ್ದ ಕರಡು ಕೊನೆಗೆ ಕೆಲವೇ ವಾಕ್ಯಗಳಿಗೆ ಇಳಿಯಿತು. ಆದರೂ ಚೀಟಿ ಬಂತು. ಯುರೋಪಿನ ದೇಶಗಳಲ್ಲಿ 1992ರ ಆದೇಶದ ನಂತರ ಪ್ರತಿ ಔಷಧಿಯ ಜತೆ ರೋಗಿಗೆ ಅರ್ಥವಾಗುವ ಚೀಟಿ ಕಡ್ಡಾಯವಾಯಿತು. ಮುಂದೆ ಅದನ್ನು ಸಾಮಾನ್ಯ ಜನರಿಗೆ ಓದಿಸಿ, ಅರ್ಥವಾಯಿತೇ ಎಂದು ಪರೀಕ್ಷಿಸಬೇಕೆಂಬ ನಿಯಮವೂ ಸೇರಿತು.

ಹೆದರುತ್ತಾರೆ ಎಂಬ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಯಾರದೋ ಮಾತು ಕೇಳಿ ನಿಲ್ಲಿಸಿ ಪಾರ್ಶ್ವವಾಯು ತಂದುಕೊಂಡವರು ನಮ್ಮ ಓಣಿಗಳಲ್ಲಿದ್ದಾರೆ. ಆದರೆ ಆ ಭಯ ಹುಟ್ಟುವುದು ಚೀಟಿಯಿಂದಲ್ಲ, ಚೀಟಿ ಇಲ್ಲದ್ದರಿಂದ. 2002ರ ಸುಮಾರಿಗೆ ಉತ್ತರ ಪ್ರದೇಶದ ಪಶ್ಚಿಮದ ಜಿಲ್ಲೆಗಳಲ್ಲಿ, ಪೋಲಿಯೊ ಹನಿ ಹಾಕಿಸಿದರೆ ಮಕ್ಕಳು ಮುಂದೆ ಬಂಜೆಯಾಗುತ್ತಾರೆ ಎಂಬ ಸುಳ್ಳು ವದಂತಿ ನಮ್ಮ ಸಮುದಾಯದಲ್ಲೇ ಹಬ್ಬಿತ್ತು. ಹಾನಿಯೂ ಆಯಿತು. ಅದನ್ನು ಅಳಿಸಿದ್ದು ಪೊಲೀಸರಲ್ಲ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದವರೂ, ಜಾಮಿಯಾ ಮಿಲ್ಲಿಯಾದವರೂ, ಉಲೇಮಾಗಳೂ ಮನೆಮನೆಗೆ ಹೋಗಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ನಿಜವನ್ನು ಮುಚ್ಚಿಟ್ಟವರ ಮಾತನ್ನು, ಅವರು ನಿಜ ಹೇಳುವಾಗಲೂ ಜನ ನಂಬುವುದಿಲ್ಲ.

ನಮ್ಮ ದೇಶದಲ್ಲಿ ಈ ಹಕ್ಕಿನ ಚರಿತ್ರೆ ತಲೆಕೆಳಗಾಗಿ ಶುರುವಾಯಿತೆನ್ನಬೇಕು. ರೋಗ ವಾಸಿಮಾಡುವ ಪವಾಡದ ಜಾಹೀರಾತುಗಳನ್ನು ತಡೆಯುವುದಕ್ಕೆ 1954ರಲ್ಲಿ ಒಂದು ಕಾಯಿದೆ ಬಂತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಮುಖ್ಯವಾದದ್ದು ದೆಹಲಿಯ ಹಮ್ದರ್ದ್ ದವಾಖಾನೆ. ಔಷಧಿಯ ಜಾಹೀರಾತು ಕೊಡುವುದು ತನ್ನ ವಾಕ್ ಸ್ವಾತಂತ್ರ್ಯ ಎಂದು ಅದು ವಾದಿಸಿತು. 1959ರ ಡಿಸೆಂಬರಿನಲ್ಲಿ ನ್ಯಾಯಾಲಯ ಕಾಯಿದೆಯ ಕೆಲವು ತುಣುಕುಗಳನ್ನು ತೆಗೆದುಹಾಕಿದರೂ, ಇಂಥ ಜಾಹೀರಾತು ವ್ಯಾಪಾರವೇ ಹೊರತು ಸಂವಿಧಾನ ಕಾಪಾಡುವ ಮಾತಲ್ಲ ಎಂದಿತು. ಹಮ್ದರ್ದ್ ನಮ್ಮವರು ಅಭಿಮಾನದಿಂದ ಹೇಳಿಕೊಳ್ಳುವ ಸಂಸ್ಥೆ, ಅದರ ಸೇವೆಯೂ ದೊಡ್ಡದು. ಆದರೂ ಆ ದಿನ ಕೋರ್ಟು ಹೇಳಿದ್ದೇ ಸರಿ ಎಂದು ನಮಗೆ ತೋರುತ್ತದೆ. ಮಾರುವವನ ಹೊಗಳಿಕೆಯ ಹಕ್ಕಿನ ಬಗ್ಗೆ ಅಷ್ಟು ಬೇಗ ವಾದ ನಡೆದ ದೇಶದಲ್ಲಿ ನುಂಗುವವನ ತಿಳಿಯುವ ಹಕ್ಕಿನ ಬಗ್ಗೆ ವಾದ ಏಳುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಅದನ್ನು ಎತ್ತಿದವರು ಹೆಂಗಸರು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಿದ ಗುಳಿಗೆಗಳನ್ನು ಆಗ 'ಮುಟ್ಟು ತರಿಸುವ ಗುಳಿಗೆ' ಎಂದು ಕೊಡುತ್ತಿದ್ದರು. ನುಂಗಿದ ಮೇಲೆ ಮುಟ್ಟಾದರೆ ಬಸುರಿಲ್ಲ, ಆಗದಿದ್ದರೆ ಬಸುರು ಎಂದು ಲೆಕ್ಕ. ಬಸುರು ಇಳಿಯುತ್ತದೆಂದು ನಂಬಿ ನುಂಗಿದವರೂ ಬಹಳ. ಹೊಟ್ಟೆಯಲ್ಲಿರುವ ಮಗುವಿಗೆ ಇದರಿಂದ ತೊಂದರೆಯಾದೀತೆಂಬ ಸಂದೇಹವನ್ನು ಇಂಗ್ಲೆಂಡಿನಲ್ಲಿ ಇಸಬೆಲ್ ಗಾಲ್ ಎಂಬ ಡಾಕ್ಟರ್ 1967ರಲ್ಲೇ ಬರೆದಿದ್ದರು. ಭಾರತದಲ್ಲಿ 1982ರಲ್ಲಿ ಸರಕಾರ ನಿಷೇಧಿಸಿತು. ಕಂಪೆನಿಗಳು ಹೈಕೋರ್ಟುಗಳಿಂದ ತಡೆಯಾಜ್ಞೆ ತಂದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಅದರ ಸೂಚನೆಯಂತೆ 1987ರಲ್ಲಿ ದೊಡ್ಡ ನಗರಗಳಲ್ಲಿ ಬಹಿರಂಗ ವಿಚಾರಣೆಗಳು ನಡೆದವು. ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ಅಲ್ಲಿ ಮಾತಾಡಿದರು. 1988ರಲ್ಲಿ ಆ ಗುಳಿಗೆಗಳು ನಿಂತವು. ಆರು ವರ್ಷಗಳ ಕಾಲ, ಸರಕಾರವೇ ಅಪಾಯವೆಂದ ಗುಳಿಗೆ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು, ಕೊಳ್ಳುವ ಹೆಂಗಸಿಗೆ ಕೋರ್ಟಿನಲ್ಲಿ ಇಂಥದ್ದೊಂದು ವ್ಯಾಜ್ಯ ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇಂಥದೇ ಔಷಧಿಯನ್ನು 1967ರಲ್ಲೇ ಹಿಂತೆಗೆಯಬೇಕಿತ್ತು ಎಂದು ಅಲ್ಲಿನ ವಿಚಾರಣಾ ಸಮಿತಿ ಹೇಳಿದ್ದು 2020ರಲ್ಲಿ.

ಅಲ್ಲಿಂದ ಮುಂದೆ ನಿಷೇಧಗಳ ಪಟ್ಟಿ ಉದ್ದವಾಗಿದೆ. ಹೃದಯಾಘಾತದ ಅಪಾಯ ಬಯಲಾದ ರೋಫೆಕಾಕ್ಸಿಬ್ ಎಂಬ ಸಂಧಿವಾತದ ಔಷಧಿ 2004ರಲ್ಲಿ ಹೋಯಿತು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡಬಾರದೆಂದು 2011ರಲ್ಲಾಯಿತು. 2012ರ ಮೇ ತಿಂಗಳಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು, 2008ರಿಂದ 2010ರ ನಡುವೆ 33 ಔಷಧಿಗಳಿಗೆ ಭಾರತೀಯ ರೋಗಿಗಳ ಮೇಲೆ ಪರೀಕ್ಷೆಯೇ ಆಗದೆ ಅನುಮತಿ ಸಿಕ್ಕಿದೆ ಎಂದು ವರದಿ ಕೊಟ್ಟಿತು. ಸಕ್ಕರೆ ಕಾಯಿಲೆಯ ಪಿಯೊಗ್ಲಿಟಜೋನ್ ಕಥೆ ಇನ್ನೂ ವಿಚಿತ್ರ. 2013ರ ಜೂನಿನಲ್ಲಿ ಅದನ್ನು ತಡೆಹಿಡಿದರು, ಜುಲೈ ಕೊನೆಗೆ ಬಿಟ್ಟರು. ಮೂತ್ರಕೋಶದ ಕ್ಯಾನ್ಸರಿನ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಅಚ್ಚು ಮಾಡಬೇಕೆಂಬುದು ಷರತ್ತು. ಆ ಗುಳಿಗೆಯನ್ನು ದಿನವೂ ನುಂಗುವವರಲ್ಲಿ ಎಷ್ಟು ಜನ ಆ ಚೌಕಟ್ಟನ್ನು ನೋಡಿದ್ದಾರೆ?

ನೋಡಿದರೂ ಓದುವಂತಿಲ್ಲ. ನಮ್ಮ ಡಬ್ಬಿಗಳೊಳಗೆ ಚೀಟಿಯೊಂದು ಇರುವುದುಂಟು, ಎಂಟು ಹತ್ತು ಮಡಿಕೆಯ ತೆಳು ಕಾಗದ, ಸಾಸಿವೆಯಂಥ ಇಂಗ್ಲಿಷ್ ಅಕ್ಷರ. ಅದರ ನೆತ್ತಿಯ ಮೇಲೆ ಬರೆದಿರುವುದೇನೆಂದರೆ, ಇದು ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ ಎಂದು. ಹಕೀಮರ ಪುಸ್ತಕದ ಮುಜಿರ್ ಸಾಲಿಗೂ ಇದಕ್ಕೂ ಏನು ವ್ಯತ್ಯಾಸ? ಬರೆದಿದ್ದಾರೆ, ನಮಗಾಗಿ ಬರೆದಿಲ್ಲ. 2023ರ ಆಗಸ್ಟ್ 1ರಿಂದ 300 ಹೆಸರಾಂತ ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಫೋನಿನಲ್ಲಿ ಅದನ್ನು ತೆರೆದರೆ ಬ್ಯಾಚ್ ನಂಬರು, ತಯಾರಿಸಿದ ದಿನ, ಲೈಸೆನ್ಸ್ ನಂಬರು ಸಿಗಬೇಕೆಂದು ನಿಯಮ. ಅಡ್ಡಪರಿಣಾಮಗಳನ್ನು ಕೊಡಬೇಕೆಂದು ಅದರಲ್ಲಿಲ್ಲ.

ಚಿತ್ರ ಹಾಕಿದರೆ ಸಾಕು, ಭಾಷೆ ಬೇಡ ಎನ್ನುವವರಿಗೆ ಬ್ರೆಜಿಲಿನ ಒಂದು ಸಂಗತಿ ಹೇಳಬೇಕು. ಥಾಲಿಡೊಮೈಡ್ ಸತ್ತಿಲ್ಲ. 1964ರಲ್ಲಿ ಜೆರುಸಲೇಮಿನ ಒಬ್ಬ ಡಾಕ್ಟರ್, ಕುಷ್ಠ ರೋಗಿಗಳಿಗೆ ಬರುವ ಒಂದು ಬಗೆಯ ಗಂಟು, ಜ್ವರ, ನೋವಿಗೆ ಅದು ರಾಮಬಾಣವೆಂದು ಕಂಡುಕೊಂಡರು. ರಕ್ತದ ಒಂದು ಕ್ಯಾನ್ಸರಿಗೂ ಅದು ಈಗ ಔಷಧಿ. ಕುಷ್ಠ ಹೆಚ್ಚಾಗಿರುವ ಬ್ರೆಜಿಲಿನಲ್ಲಿ ಅದು ಬಳಕೆಯಲ್ಲಿ ಉಳಿಯಿತು. ಡಬ್ಬಿಯ ಮೇಲೆ ಬಸುರಿ ಹೆಂಗಸಿನ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದರು. ಬಸುರಿಯರು ನುಂಗಬಾರದು ಎಂಬುದು ಅದರ ಅರ್ಥ. ಓದುಬರಹ ಬಾರದ ಕೆಲವರು ಬೇರೆ ಅರ್ಥ ಮಾಡಿಕೊಂಡರು: ಇದನ್ನು ನುಂಗಿದರೆ ಬಸುರಾಗುವುದಿಲ್ಲ, ಆಗಿದ್ದರೆ ಇಳಿಯುತ್ತದೆ ಎಂದು. ಅಲ್ಲಿ ಮತ್ತೆ ಕೈಕಾಲಿಲ್ಲದ ಮಕ್ಕಳು ಹುಟ್ಟಿದರು.

ನಮ್ಮಲ್ಲಿ ಅಡ್ಡಪರಿಣಾಮಗಳ ಲೆಕ್ಕ ಇಡುವ ಕೆಲಸ 1990ರ ದಶಕದ ಕೊನೆಯಲ್ಲಿ ಮೂರು ಕೇಂದ್ರಗಳಲ್ಲಿ ಆರಂಭವಾಯಿತು. ದೆಹಲಿಯ ಏಮ್ಸ್, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ಅಲೀಗಢ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಆಸ್ಪತ್ರೆ. ಅದು ಕುಂಟುತ್ತ ಸಾಗಿ 2010ರಲ್ಲಿ ಹೊಸದಾಗಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಈಗ ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ, ಮೆಡಿಕಲ್ ಕಾಲೇಜುಗಳಲ್ಲಿ ಅದರ ಶಾಖೆಗಳಿವೆ. ಡಾಕ್ಟರರಷ್ಟೇ ಅಲ್ಲ, ರೋಗಿಗಳೇ ನೇರವಾಗಿ ದೂರು ಕೊಡಬಹುದಾದ ಒಂದು ಫಾರಂ ಕೂಡ ಇದೆ, ಅದು ಕನ್ನಡದಲ್ಲೂ ಅಚ್ಚಾಗಿದೆ. ಏನು ತೊಂದರೆಯಾಯಿತು, ಯಾವಾಗ ಶುರುವಾಯಿತು ಎಂದು ಅದರಲ್ಲಿ ಬರೆಯಬೇಕು. ನುಂಗಿದ ಔಷಧಿಯ ಹೆಸರನ್ನೂ ಬರೆಯಬೇಕು. ನಮ್ಮ ಊರುಗಳ ಮೆಡಿಕಲ್ ಶಾಪಿನವರು ಹತ್ತರ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ನಾಲ್ಕು ಮಾತ್ರೆಯನ್ನು ಸಣ್ಣ ಲಕೋಟೆಗೆ ಹಾಕಿ, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಪೆನ್ನಿನಿಂದ ಗೀಚಿ ಕೊಡುತ್ತಾರೆ. ಹೆಸರಿರುವ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ.